ಟೈಲರಮ್ಮನ ಅಳತೆ ಪುಸ್ತಕ

ಟೈಲರಮ್ಮ ಅಳತೆ ತೆಗೆಯುವಾಗ ಬಾಯಿ ಬಿಡುವುದಿಲ್ಲ. ಟೇಪು ಸುತ್ತುತ್ತಾಳೆ, ಕನ್ನಡಕದ ಮೇಲಿಂದ ಒಮ್ಮೆ ನೋಡುತ್ತಾಳೆ, ಪುಸ್ತಕದಲ್ಲಿ ಬರೆಯುತ್ತಾಳೆ, ಬರೆದ ಪುಸ್ತಕವನ್ನು ಮಗುಚಿ ಇಡುತ್ತಾಳೆ. ಬೇರೆ ಅಂಗಡಿಗಳಲ್ಲಿ "ಸೊಂಟ ನಲವತ್ತೆರಡೂ" ಎಂದು ಆಚೆ ಬೀದಿಗೂ ಕೇಳುವಂತೆ ಕೂಗುತ್ತಾರೆ. ಇಲ್ಲಿ ಪರದೆಯ ಹಿಂದೆ ನಿಂತವರಿಗೇ ತಮ್ಮ ಅಳತೆ ಗೊತ್ತಾಗುವುದಿಲ್ಲ. ದಪ್ಪ ಆಗಿದ್ದೀನಾ ಎಂದು ಯಾರಾದರೂ ಕೇಳಿದರೆ "ಬಟ್ಟೆ ಸರಿಯಾಗಿ ಕೂರುತ್ತೆ, ಹೋಗಿ" ಎಂಬುದಷ್ಟೇ ಉತ್ತರ.

ಒಮ್ಮೆ ಒಬ್ಬ ಗಂಡಸು ಬಂದು ಮೇಜಿಗೆ ಒರಗಿ ನಿಂತಿದ್ದ.

"ನನ್ನ ಹೆಂಡ್ತಿಗೆ ಗೊತ್ತಾಗದ ಹಾಗೆ ಒಂದು ಒಳ್ಳೆ ಬಟ್ಟೆ ತಗೋಬೇಕು ಅಂತ. ಅವಳ ಅಳತೆ ಚೀಟೀಲಿ ಬರ್ಕೊಡಿ."

"ಬಟ್ಟೆ ತನ್ನಿ, ಹೊಲಿದು ಕೊಡ್ತೀನಿ. ಹೇಳಲ್ಲ."

"ಅಲ್ಲಮ್ಮಾ, ನಾನು ಅವಳ ಗಂಡ!"

"ಗೊತ್ತು. ಅದಕ್ಕೇ ಹೇಳಲ್ಲ."

ಗೊಣಗಿಕೊಂಡು ಹೋದವನು ಸಂಜೆ ಬಟ್ಟೆ ಹಿಡಿದು ಮರಳಿ ಬಂದ. ಈ ಸುದ್ದಿ ಬೀದಿಯೆಲ್ಲ ಹರಡಿ, ಆ ತಿಂಗಳು ಟೈಲರಮ್ಮನಿಗೆ ಹೊಸ ಗಿರಾಕಿಗಳು ಆರು ಜನ ಸಿಕ್ಕರು.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಎರಡು ಮೆಷಿನ್ನು, ಕತ್ತರಿಸುವ ಮೇಜು, ನಿಲುವುಗನ್ನಡಿ, ಮೂಲೆಯಲ್ಲಿ ಒಂದು ಹೂವಿನ ಪರದೆ. ಬಾಗಿಲು ದಾಟಿದರೆ ಅಡುಗೆಮನೆ. ಮಗ ಬಸ್ಸು ಓಡಿಸುತ್ತಾನೆ. ಸೊಸೆ ಅತ್ತೆಯ ಜೊತೆ ಹೊಲಿಗೆಗೆ ಕೂರುತ್ತಾಳೆ. ಮೊಮ್ಮಗಳು ಪುಟ್ಟಿಗೆ ವಯಸ್ಸು ಹನ್ನೊಂದು, ಮಾತಿಗೆ ಐವತ್ತು.

ಸೊಸೆಯ ಕೈ ಚುರುಕು. ಅಂಚು, ಕಾಜ, ಗುಂಡಿ ಎಲ್ಲ ಅವಳದೇ. ಆದರೆ ಹತ್ತು ವರ್ಷವಾದರೂ ಅಳತೆ ಟೇಪು ಅವಳ ಕೈಗೆ ಬಂದಿರಲಿಲ್ಲ.

"ಅತ್ತೆ, ಒಂದ್ಸಲ ನಾನು ಅಳತೆ ತೆಗೀಲಾ?"

"ತೆಗೀಬಹುದು. ಅದಕ್ಕೆ ಕೈ ಪಳಗಿದ್ರೆ ಸಾಲದು ಕಣೇ, ಬಾಯಿ ಪಳಗ್ಬೇಕು."

"ನನ್ನ ಬಾಯಿಗೇನಾಗಿದೆ?"

"ಏನೂ ಆಗಿಲ್ಲ. ದಿನಾ ಕೇಳಿಸ್ಕೋತಾ ಇದೀನಲ್ಲ."

ಸೊಸೆ ನಕ್ಕು ಮತ್ತೆ ಗುಂಡಿ ಹೊಲಿಯಲು ಕೂರುತ್ತಿದ್ದಳು. ಆ ನಗುವಿನಲ್ಲಿ ಸ್ವಲ್ಪ ನೋವೂ ಇರುತ್ತಿತ್ತು.

ಎದುರುಗಡೆ ದೊಡ್ಡ ರೆಡಿಮೇಡ್ ಅಂಗಡಿ ತೆರೆದ ಮೇಲೆ ಮೆಷಿನ್ನುಗಳ ಸದ್ದು ಕಡಿಮೆಯಾಯಿತು. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಬಾಗಿಲಲ್ಲಿ ಕೂತು ಆ ಅಂಗಡಿಗೆ ಹೋಗಿಬರುವವರನ್ನು ನೋಡುವಂತಾಯಿತು. ಆಗ ಸೊಸೆಗೆ ಒಂದು ಯೋಚನೆ ಹೊಳೆಯಿತು. ಫೋನಿನಲ್ಲಿ ಅಂಗಡಿಗೊಂದು ಪೇಜು ಮಾಡಿದಳು. ಹೊಲಿದ ಬಟ್ಟೆಗಳ ಫೋಟೋ ಹಾಕಿದಳು. ಆಮೇಲೆ ಬೆಳಗಿಂದ ಸಂಜೆವರೆಗೆ ಅತ್ತೆಯ ಹಿಂದೆ ಹಿಂದೆ ಓಡಾಡಿ ಒಂದು ವಿಡಿಯೋ ಮಾಡಿದಳು. ಅತ್ತೆ ಸೂಜಿಗೆ ದಾರ ಪೋಣಿಸುವುದು, ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು, ಪುಸ್ತಕ ನೋಡಿ ಬಟ್ಟೆ ಕತ್ತರಿಸುವುದು, ಮೆಷಿನ್ನಿನ ಮೇಲೆ ತಲೆಯಿಟ್ಟು ತೂಕಡಿಸುವುದು. ಹೆಸರು, 'ನಮ್ಮತ್ತೆಯ ಒಂದು ದಿನ'.

"ತೂಕಡಿಸಿದ್ದು ಯಾಕೆ ಹಾಕ್ದೆ?" ಎಂದು ಅತ್ತೆ ರೇಗಿದಳು.

"ಅದನ್ನೇ ಎಲ್ರೂ ಮೆಚ್ಚಿದಾರೆ ಅತ್ತೆ. ಹದಿನೆಂಟು ಸಾವಿರ ಜನ ನೋಡಿದಾರೆ!"

"ನನ್ನ ನಿದ್ದೇನಾ?"

ಅಂದರೂ ಅವಳು ಆ ವಿಡಿಯೋವನ್ನು ಊಟದ ಹೊತ್ತಿಗೆ ಮೂರು ಸಲ ಹಾಕಿಸಿಕೊಂಡು ನೋಡಿದಳು. ಮರುದಿನ ಐದು ಜನ ಬಟ್ಟೆ ತಂದರು. ಸಂಜೆ ಮಗ ಕೇಕು ತಂದ. ಸೊಸೆಗೆ ಸಿಕ್ಕ ತುಂಡು ಅತ್ತೆಯ ತುಂಡಿಗಿಂತ ದೊಡ್ಡದಿತ್ತು. ಕತ್ತರಿಸಿದವಳು ಅತ್ತೆಯೇ.

ಅದಾಗಿ ಐದನೇ ದಿನ ಮೂಲೆಯ ಬೇಕರಿಯಮ್ಮ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಒಳಗೆ ನುಗ್ಗಿದಳು.

"ಟೈಲರಮ್ಮ, ನನ್ನ ಸೊಂಟವನ್ನ ಯಾರಿಗೆ ಮಾರಿದ್ರಿ?"

"ಏನಂದ್ರಿ?"

"ಯಾವನೋ ಫೋನ್ ಮಾಡಿದ್ದ. ಹೆಸರು ಹಿಡಿದು ಕರೀತಾನೆ. ನಿಮ್ಮ ಸೊಂಟ ನಲವತ್ನಾಲ್ಕು ಇದೆಯಲ್ಲಾ ಮೇಡಂ, ನಮ್ಮ ಔಷಧಿ ತಗೊಳ್ಳಿ, ಮೂರು ತಿಂಗಳಲ್ಲಿ ಮೂವತ್ತಾರಕ್ಕೆ ಇಳಿಸ್ತೀವಿ ಅಂತಾನೆ. ನಲವತ್ನಾಲ್ಕು ಅಂತ ನನಗೇ ಗೊತ್ತಿರ್ಲಿಲ್ಲ! ನೀವು ಒಂದು ದಿನವಾದ್ರೂ ಹೇಳಿದೀರಾ?"

ಸೊಸೆಗೆ ನಗು ತಡೆಯಲಾಗಲಿಲ್ಲ. ಬೇಕರಿಯಮ್ಮನೂ ನಕ್ಕುಬಿಟ್ಟಳು. ಟೈಲರಮ್ಮ ನಗಲಿಲ್ಲ. ಆ ಅಂಕಿ ಇಡೀ ಲೋಕದಲ್ಲಿ ಒಂದೇ ಕಡೆ ಇತ್ತು, ಅದು ಅವಳ ಪುಸ್ತಕದಲ್ಲಿ.

ಪತ್ತೆ ಮಾಡಿದವಳು ಪುಟ್ಟಿ. ಶಾಲೆಯಿಂದ ಬಂದು, ಬ್ಯಾಗು ಇಳಿಸದೆ, ವಿಡಿಯೋ ಹಾಕಿ ಒಂದು ಕಡೆ ಬೆರಳಿಟ್ಟು ನಿಲ್ಲಿಸಿದಳು. ಎರಡು ಬೆರಳಿನಲ್ಲಿ ಹಿಗ್ಗಿಸಿದಳು.

"ಇಲ್ಲಿ ನೋಡಜ್ಜಿ. ನೀನು ಬಟ್ಟೆ ಕತ್ತರಿಸ್ತಿದೀಯಲ್ಲ, ಪಕ್ಕದಲ್ಲಿ ಪುಸ್ತಕ ತೆರ್ಕೊಂಡಿದೆ. ಎರಡು ಪುಟ ಪೂರ್ತಿ ಓದೋಕಾಗುತ್ತೆ."

ಎಡಗಡೆ ಬೇಕರಿಯಮ್ಮನ ಪುಟ. ಹೆಸರು, ಫೋನ್ ನಂಬರು, ಎದೆ, ಸೊಂಟ, ತೋಳು. ಟೈಲರಮ್ಮ ಫೋನು ಕೈಗೆ ತೆಗೆದುಕೊಂಡು ಬಲಗಡೆಯ ಪುಟ ಯಾರದೆಂದು ನೋಡಿದಳು. ನೋಡಿ ಸ್ಟೂಲಿನ ಮೇಲೆ ಕುಸಿದು ಕೂತಳು.

"ತೆಗಿ. ಈಗಲೇ ತೆಗಿ ಇದನ್ನ."

ಸೊಸೆ ಅಲ್ಲೇ ಅಳಿಸಿದಳು. "ತಪ್ಪಾಯ್ತು ಅತ್ತೆ. ಬೇಕರಿಯಮ್ಮನ ಮನೆಗೆ ಹೋಗಿ ಕೈ ಮುಗಿದು ಬರ್ತೀನಿ."

"ಅವಳ ಮಾತಲ್ಲ."

"ಮತ್ತೆ ಯಾರ ಮಾತು?"

ಟೈಲರಮ್ಮ ಪುಸ್ತಕವನ್ನೆತ್ತಿ ಎದೆಗೆ ಅವಚಿಕೊಂಡಳು.

"ಹೇಳಿ ಅತ್ತೆ. ಎರಡು ಸೆಕೆಂಡು ಕಾಣಿಸಿದೆ. ನಾಲ್ಕು ಅಂಕಿ. ಇಂಚು ಅಷ್ಟೇ ಅಲ್ವಾ? ಅದಕ್ಕೆ ಇಷ್ಟು ರಂಪ ಯಾಕೆ?"

"ಯಾಕೆ ಅಂತ ಹೇಳೋ ಹಾಗಿದ್ರೆ ಹೇಳ್ತಿರ್ಲಿಲ್ವೇನೇ!" ಎಂದು ಟೈಲರಮ್ಮ ಕೂಗಿದಳು. ಮನೆಯಲ್ಲಿ ಅವಳ ದನಿ ಅಷ್ಟು ಏರಿದ್ದನ್ನು ಯಾರೂ ಕೇಳಿರಲಿಲ್ಲ.

ಪಾಪ, ಅವಳ ಇಕ್ಕಟ್ಟು ಅವಳಿಗೇ ಗೊತ್ತು. ಸಿಟ್ಟಿಗೆ ಕಾರಣ ಹೇಳಬೇಕೆಂದರೆ, ಯಾವುದು ಹೊರಗೆ ಹೋಯಿತೆಂದು ಸಿಟ್ಟೋ ಅದನ್ನೇ ಇನ್ನೊಮ್ಮೆ ಹೊರಗೆ ಹಾಕಬೇಕಿತ್ತು. ಅದಕ್ಕೆ ಅವಳಿಗೆ ಬಾಯಿ ಬರಲಿಲ್ಲ. ಸೊಸೆಯ ಕಣ್ಣಿಗೆ ಅತ್ತೆ ಸುಮ್ಮಸುಮ್ಮನೆ ಹಟ ಹಿಡಿದಂತೆ ಕಂಡಿತು. ಬೇಕರಿಗೆ ಒಬ್ಬಳೇ ಹೋಗಿ ಕ್ಷಮೆ ಕೇಳಿ, ಅಳುತ್ತಾ ಬಂದಳು.

ಮೂರು ದಿನ ಇಬ್ಬರಲ್ಲಿ ಮಾತಿಲ್ಲ. ಇರುವ ಮಾತೆಲ್ಲ ಪುಟ್ಟಿಯ ಮೂಲಕ ಓಡಾಡಿತು.

"ಪುಟ್ಟೀ, ನಿಮ್ಮಮ್ಮನಿಗೆ ಹೇಳು, ಉಪ್ಪು ಜಾಸ್ತಿಯಾಗಿದೆ."

"ಪುಟ್ಟೀ, ನಿಮ್ಮಜ್ಜಿಗೆ ಹೇಳು, ಇವತ್ತು ಅಡುಗೆ ಮಾಡಿದ್ದು ಅವರ ಮಗ."

ಟೈಲರಮ್ಮ ಆ ತುತ್ತನ್ನು ಮಾತಿಲ್ಲದೆ ನುಂಗಿದಳು. ಮಗ ತಟ್ಟೆಯ ಮುಂದೆ ಕೂತು ಭಾಷಣ ಶುರು ಮಾಡಿದ.

"ಏನೇ ಹಾಕೋ ಮುಂಚೆ ಹತ್ತು ಸಲ ನೋಡ್ಬೇಕು. ಹಿಂದೆ ಏನಿದೆ, ಪಕ್ಕದಲ್ಲಿ ಏನಿದೆ. ಸ್ವಲ್ಪ ತಲೆ ಓಡಿಸ್ಬೇಕು."

"ಅಪ್ಪಾ," ಎಂದಳು ಪುಟ್ಟಿ, "ಹೋದ ತಿಂಗಳು ಲೈಸೆನ್ಸ್ ಹೊಸದಾಗಿ ಬಂತು ಅಂತ ನೀನು ಸ್ಟೇಟಸ್ ಹಾಕಿದ್ಯಲ್ಲ."

"ಹೌದು, ಅದಕ್ಕೇನೀಗ?"

"ಅದ್ರಲ್ಲಿ ನಿನ್ನ ಹೆಸರು, ಹುಟ್ಟಿದ ದಿನ, ಮನೆ ವಿಳಾಸ, ಸಹಿ ಎಲ್ಲ ಇತ್ತು. ನಿನ್ನ ಫೋನಿನ ಪಾಸ್‌ವರ್ಡೂ ನಿನ್ನ ಹುಟ್ಟಿದ ದಿನವೇ ಅಲ್ವಾ?"

ಮಗ ನೀರು ಕುಡಿದ. ಅತ್ತೆಯೂ ಸೊಸೆಯೂ ಒಟ್ಟಿಗೇ ನಗಲು ಹೋಗಿ, ಒಬ್ಬರನ್ನೊಬ್ಬರು ನೋಡಿ, ನಗುವನ್ನು ನುಂಗಿಕೊಂಡರು. ಆವತ್ತೇ ಮಗ ಪಾಸ್‌ವರ್ಡು ಬದಲಾಯಿಸಿದ. ಹೊಸದು ಏನೆಂದು ಯಾರಿಗೂ ಹೇಳಲಿಲ್ಲ, ಮರುದಿನ ಅವನಿಗೂ ನೆನಪಿರಲಿಲ್ಲ.

ನಾಲ್ಕನೇ ದಿನ ಪುಟ್ಟಿ ಇನ್ನೊಂದು ಸುದ್ದಿ ತಂದಳು. ಅಳಿಸಿದ ವಿಡಿಯೋ ಪೂರ್ತಿ ಅಳಿದಿರಲಿಲ್ಲ. ಯಾರೋ ಅದನ್ನು ಇಳಿಸಿಕೊಂಡು ತಮ್ಮ ಪೇಜಿನಲ್ಲಿ ಹಾಕಿಕೊಂಡಿದ್ದರು.

ಅತ್ತೆ ಊಟ ಮುಗಿಸಿ ಒರಗಿದ್ದ ಹೊತ್ತಿನಲ್ಲಿ ಸೊಸೆ ಅಡುಗೆಮನೆಯಲ್ಲಿ ನಿಂತು ಆ ಪೇಜು ಹುಡುಕಿದಳು. ದೂರು ಕೊಡಬೇಕಾದರೆ ಪುಸ್ತಕ ಎಷ್ಟನೇ ಸೆಕೆಂಡಿನಲ್ಲಿ ಕಾಣುತ್ತದೆಂದು ಬರೆಯಬೇಕು ಎಂದಿದ್ದಳು ಪುಟ್ಟಿ. ಸೊಸೆ ಪುಸ್ತಕ ಕಂಡಲ್ಲಿ ವಿಡಿಯೋ ನಿಲ್ಲಿಸಿದಳು. ಬಲಗಡೆಯ ಪುಟ ಅವಳ ಕಣ್ಣಿಗೆ ಬಿತ್ತು. ಮೇಲೆ, ಅಂಗಡಿಯ ಹಳೆಯ ಗಿರಾಕಿ ಲೈಬ್ರರಿ ಮೇಡಂ ಹೆಸರು, ನಂಬರು. ಕೆಳಗೆ ಅತ್ತೆಯ ದುಂಡಗಿನ ಅಕ್ಷರ. ಎದೆ, ಬಲಕ್ಕೆ ಒಂದು ಅಳತೆ, ಎಡಕ್ಕೆ ಬೇರೆ. ಎಡಕ್ಕೆ ಒಳಜೇಬು, ಹತ್ತಿ ನಾಲ್ಕು ಪದರ. ಆಪರೇಷನ್ ಗಾಯದ ಮೇಲೆ ಹೊಲಿಗೆ ಬರಬಾರದು. ಅಸ್ತರು ಮೆತ್ತಗಿರಲಿ.

ಬೇರೆಯವರಿಗೆ ಅದು ಅಂಕಿ ಅಷ್ಟೇ ಆಗಿದ್ದೀತು. ಹತ್ತು ವರ್ಷ ಹೊಲಿಗೆಗೆ ಕೂತವಳಿಗೆ ಒಂದು ದೇಹವೇ ಕಣ್ಣ ಮುಂದೆ ನಿಂತಿತು. ಎರಡು ವರ್ಷದ ಹಿಂದೆ ಮೇಡಂ ನಾಲ್ಕು ತಿಂಗಳು ರಜೆ ಹಾಕಿದ್ದು, ಅಕ್ಕನ ಮನೆಗೆ ಹೋಗಿದ್ದೆ ಎಂದಿದ್ದು, ಆಮೇಲೆ ಅವರ ಬಟ್ಟೆಯನ್ನು ಮಾತ್ರ ಅತ್ತೆ ಗುಂಡಿಗೂ ತನ್ನ ಕೈಗೆ ಕೊಡದೆ ತಾನೇ ಮುಗಿಸುತ್ತಿದ್ದದ್ದು, ಎಲ್ಲವೂ ಒಮ್ಮೆಗೇ ಅರ್ಥವಾಯಿತು. ಸೊಸೆ ಒಲೆ ಆರಿಸಿ ನೆಲದ ಮೇಲೆ ಕೂತಳು. ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಮುಖ ತೊಳೆದು ಅತ್ತೆಯ ಹತ್ತಿರ ಹೋದಳು.

"ಅತ್ತೆ, ಲೈಬ್ರರಿಗೆ ಯಾವಾಗ ಹೋಗ್ತೀರಾ? ನಾನೂ ಬರ್ತೀನಿ."

ಟೈಲರಮ್ಮ ಎದ್ದು ಕೂತು ಅವಳನ್ನೇ ನೋಡಿದಳು.

"ಓದಿದ್ಯಾ?"

"ಹುಡುಕುವಾಗ ಕಾಣಿಸ್ತು. ಅದರ ಮಾತು ಇನ್ನು ಬೇಡ."

"ತಪ್ಪು ನಂದೂ ಇದೆ ಕಣೇ. ಬೇರೆಯವರು ಬಂದ್ರೆ ಪುಸ್ತಕ ಮಗುಚ್ತೀನಿ. ಆವತ್ತು ಮಗುಚಲಿಲ್ಲ. ಮನೆಯವಳಲ್ವಾ, ನಿನ್ನ ಮುಂದೆ ಯಾಕೆ ಮಗುಚಬೇಕು ಅಂತ ಬಿಟ್ಟೆ. ನಿನ್ನ ಕೈಯಲ್ಲಿ ಫೋನಿರೋದು ಮರ್ತೇಬಿಟ್ಟೆ."

ಸೊಸೆ ಅತ್ತೆಯ ಮೊಣಕಾಲಿಗೆ ತಲೆಯಿಟ್ಟಳು. ಟೈಲರಮ್ಮ ಅವಳ ಕೂದಲಲ್ಲಿ ಸಿಕ್ಕಿಕೊಂಡಿದ್ದ ದಾರದ ಎಳೆಯನ್ನು ಬಿಡಿಸಿ ತೆಗೆದಳು.

ಅದೇ ಸಂಜೆ ಇಬ್ಬರೂ ಲೈಬ್ರರಿಗೆ ಹೋದರು. ಸೊಸೆಯನ್ನು ಪೇಪರ್ ಓದುವ ಕೋಣೆಯ ಬೆಂಚಿನಲ್ಲಿ ಕೂರಿಸಿ ಟೈಲರಮ್ಮ ಒಬ್ಬಳೇ ಒಳಗೆ ಹೋದಳು. ಮೇಡಂ ಪುಸ್ತಕಗಳಿಗೆ ಮುದ್ರೆ ಒತ್ತುತ್ತಿದ್ದರು.

"ಮೇಡಂ, ನಿಮ್ಮ ಪುಟ ಹೊರಗೆ ಹೋಗಿದೆ."

ಮೇಡಂ ಕೈ ನಿಲ್ಲಲಿಲ್ಲ. ಇನ್ನೂ ಎರಡು ಪುಸ್ತಕಕ್ಕೆ ಮುದ್ರೆ ಬಿತ್ತು. ಆಮೇಲೆ ಮುದ್ರೆಯನ್ನು ಪೆಟ್ಟಿಗೆಯಲ್ಲಿಟ್ಟರು. ಟೈಲರಮ್ಮ ಒಂದನ್ನೂ ಮುಚ್ಚಿಡದೆ ನಡೆದದ್ದೆಲ್ಲ ಹೇಳಿದಳು.

"ಎಷ್ಟು ಜನ ನೋಡಿದಾರೆ?"

"ಹದಿನೆಂಟು ಸಾವಿರ ಅಂತೆ."

"ಹೆಸರು ಕಾಣುತ್ತಾ?"

"ಕಾಣುತ್ತೆ. ನಂಬರೂ."

"ಹತ್ತಿ ಅಂತ ಬರ್ದಿದ್ರಾ?"

"ಬರ್ದಿದ್ದೆ ಮೇಡಂ."

"ಈಗ್ಲೂ ಇದೆಯಾ?"

"ನಾವು ತೆಗೆದ್ವಿ. ಇನ್ನೊಂದು ಕಡೆ ಉಳ್ಕೊಂಡಿದೆ. ತೆಗೆಸೋ ತನಕ ನಾವು ಬಿಡಲ್ಲ."

ಮೇಡಂ ಕಿಟಕಿಯ ಕಡೆ ನೋಡಿದರು. "ನಾನು ನಮ್ಮಮ್ಮನಿಗೇ ಹೇಳಿಲ್ಲ ಟೈಲರಮ್ಮ. ಅವರಿಗೆ ಎಪ್ಪತ್ತೆಂಟು. ಇಲ್ಲಿ ಯಾರು ಯಾವ ಪುಸ್ತಕ ತಗೊಂಡು ಹೋಗ್ತಾರೆ ಅಂತ ನಾನು ಯಾರಿಗೂ ಹೇಳಲ್ಲ. ಮಕ್ಕಳು ಏನೋದ್ತಾರೆ ಅಂತ ಅಪ್ಪ ಅಮ್ಮ ಬಂದು ಕೇಳಿದ್ರೂ ಹೇಳಲ್ಲ. ನೀವೂ ಹಾಗೇ ಅಂತ ಗೊತ್ತಿತ್ತು. ಅದಕ್ಕೇ ನಿಮ್ಮ ಹತ್ರ ಬಂದಿದ್ದೆ."

ಟೈಲರಮ್ಮ ಚೀಲದಿಂದ ಒಂದು ಹಾಳೆ ತೆಗೆದಳು. ಜೀವಮಾನದಲ್ಲಿ ಆ ಪುಸ್ತಕದಿಂದ ಅವಳು ಹರಿದ ಮೊದಲ ಹಾಳೆ. "ಇದು ನಿಮ್ಮದು. ನಿಮ್ಮ ಹತ್ರಾನೇ ಇರ್ಲಿ."

ಮೇಡಂ ಹಾಳೆಯನ್ನು ಮಡಿಸಿ ಬ್ಯಾಗಿನಲ್ಲಿಟ್ಟರು. "ಈಗ ಹೋಗಿ. ನಿಮಗೇನು ಹೇಳ್ಬೇಕೋ ನನಗೆ ಗೊತ್ತಾಗ್ತಿಲ್ಲ."

ದಾರಿಯಲ್ಲಿ ಸೊಸೆ ಏನೂ ಕೇಳಲಿಲ್ಲ. ರಸ್ತೆ ದಾಟುವಾಗ ಅತ್ತೆ ಅವಳ ಮುಂಗೈ ಹಿಡಿದುಕೊಂಡಳು, ದಾಟಿದ ಮೇಲೂ ಬಿಡಲಿಲ್ಲ.

ಆ ಇನ್ನೊಂದು ಪೇಜಿನವನು ಜಗ್ಗುವ ಆಸಾಮಿಯಲ್ಲ. ಸೊಸೆ ಬೆಳಿಗ್ಗೆ ಒಂದು ಮೆಸೇಜು, ಸಂಜೆ ಒಂದು ಮೆಸೇಜು ಹಾಕಿದಳು. ಪುಟ್ಟಿ ತೋರಿಸಿದಂತೆ ಕಂಪನಿಗೆ ದೂರು ಬರೆದಳು. ಬೇಕರಿಯಮ್ಮ ತನ್ನ ಪುಟವೂ ಅಲ್ಲಿದೆಯೆಂದು ತಾನೇ ಒಂದು ದೂರು ಕೊಟ್ಟಳು, ಬಸ್ ಡಿಪೋದ ಇಪ್ಪತ್ತು ಜನರಿಂದ ಮಗ ದೂರು ಕೊಡಿಸಿದ. ಯಾವ ಸೆಕೆಂಡು, ಏನು ತಪ್ಪು ಎಂಬುದನ್ನು ಮಾತ್ರ ಡಿಪೋದವರಿಗೆ ಯಾರೂ ಹೇಳಲಿಲ್ಲ. ನಮ್ಮ ವಿಡಿಯೋ ಕದ್ದಿದ್ದಾನೆ, ಅಷ್ಟೇ. ಒಂಬತ್ತನೇ ದಿನ ಅದು ಹೋಯಿತು. ಯಾರು ನಿಲ್ಲಿಸಿ ಓದಿದರು, ಯಾರು ಸುಮ್ಮನೆ ನೋಡಿ ಹೋದರು ಎಂದು ತಿಳಿಯುವ ದಾರಿ ಮಾತ್ರ ಇರಲಿಲ್ಲ. ಆ ಸಂಕಟ ಮನೆಯಲ್ಲಿ ಉಳಿಯಿತು.

ಪುಸ್ತಕವನ್ನೇ ಬದಲಾಯಿಸೋಣ ಎಂದವಳು ಸೊಸೆ.

"ಹೆಸರು ಬೇಡ, ನಂಬರು ಬೇಡ ಅತ್ತೆ. ಹೊಸ ಪುಸ್ತಕದಲ್ಲಿ ಪುಟದ ತಲೆಗೆ ಅವರವರ ಬಟ್ಟೆ ತುಂಡು ಅಂಟಿಸೋಣ. ಮೊದಲನೇ ಸಲ ಹೊಲಿಸಿದ್ದು. ನಿಮಗೆ ಎಲ್ಲ ನೆನಪಿರುತ್ತಲ್ಲ."

"ತುಂಡುಗಳೆಲ್ಲ ಚೀಲದಲ್ಲಿವೆ," ಎಂದಳು ಟೈಲರಮ್ಮ. ಅವಳು ಏನನ್ನೂ ಬಿಸಾಡಿದವಳಲ್ಲ.

ಎರಡು ಭಾನುವಾರ ಕೂತು ಅಂಟಿಸಿದರು. ನೀಲಿ ಚೌಕುಳಿ, ಬೇಕರಿಯಮ್ಮ. ಚುಕ್ಕೆ ಹತ್ತಿ, ನರ್ಸಮ್ಮ. ಅತ್ತೆ ಹೇಳಿದಂತೆ ಸೊಸೆ ಬರೆದಳು. ಒಂದು ತುಂಡನ್ನು ಮಾತ್ರ, ತಿಳಿಹಸಿರು ಬಣ್ಣದ್ದು, ಖಾಲಿ ಪುಟಕ್ಕೆ ಅಂಟಿಸಿ ಮುಂದಕ್ಕೆ ಹೋದರು. ಹಳೆಯ ಪುಸ್ತಕವನ್ನು ಟೈಲರಮ್ಮ ದೊಡ್ಡ ಕತ್ತರಿಯಲ್ಲಿ ಚೂರು ಚೂರು ಮಾಡಿದಳು.

ಪೇಜು ಮುಚ್ಚಲಿಲ್ಲ. ಆದರೆ ಈಗ ಪುಟ್ಟಿ ನೋಡಿ ಪಾಸು ಮಾಡದೆ ಏನೂ ಹೋಗುವಂತಿಲ್ಲ. ಅವಳಂಥ ಕಟ್ಟುನಿಟ್ಟಿನ ಅಧಿಕಾರಿ ಯಾವ ಕಚೇರಿಯಲ್ಲೂ ಸಿಗುವುದಿಲ್ಲ.

"ಇದು ಆಗಲ್ಲ. ಕನ್ನಡೀಲಿ ಮನೆ ನಂಬರ್ ಕಾಣ್ತಿದೆ."

"ಇದು?"

"ಇದ್ರಲ್ಲಿ ನಾನಿದೀನಿ, ಶಾಲೆ ಬಟ್ಟೇಲಿ. ನನ್ನನ್ನ ಕೇಳಿದ್ಯಾ?"

ಆರು ವಾರವಾದರೂ ಲೈಬ್ರರಿ ಮೇಡಂ ಆ ಬೀದಿಯಲ್ಲಿ ಕಾಣಲಿಲ್ಲ. ಅವರು ಮನೆಗೆ ಹೋಗುವ ಹೊತ್ತಿಗೆ ಟೈಲರಮ್ಮ ಏನಾದರೂ ನೆಪ ತೆಗೆದು ಬಾಗಿಲಿಗೆ ಬರುತ್ತಿದ್ದಳು. ಅವರು ಬೇರೆ ಬೀದಿ ಹಿಡಿದಿದ್ದರು.

ಏಳನೇ ವಾರದಲ್ಲಿ ಒಂದು ಮಧ್ಯಾಹ್ನ ಟೈಲರಮ್ಮ ಹೊಲಿದ ಬಟ್ಟೆ ಕೊಟ್ಟುಬರಲು ಹೋಗಿದ್ದಾಗ ಮೇಡಂ ಮೆಟ್ಟಿಲ ಮೇಲೆ ನಿಂತಿದ್ದರು. ಕೈಯಲ್ಲಿ ಒಂದು ಕಾಗದದ ಪೊಟ್ಟಣ.

"ನಿಮ್ಮತ್ತೆ ಇಲ್ವಾ?"

"ಬರ್ತಾರೆ ಮೇಡಂ. ಕೂತ್ಕೊಳ್ಳಿ."

ಮೇಡಂ ಕೂತರು. ಸೊಸೆ ಚಹಾ ತಂದಿಟ್ಟು ಕಾಜ ಹೊಲಿಯುತ್ತಾ ಕೂತಳು. ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ಕಡೆಗೆ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿಟ್ಟು ಹೇಳಿದಳು.

"ಮೇಡಂ, ಅದು ಮಾಡಿದ್ದು ನಾನು. ಅತ್ತೆ ಅಲ್ಲ."

"ಗೊತ್ತು." ಮೇಡಂ ಲೋಟ ಕೆಳಗಿಟ್ಟರು. "ತುಂಬ ಸಿಟ್ಟು ಬಂದಿತ್ತು ನಿಮ್ಮ ಮೇಲೆ. ಈಗಲೂ ಸ್ವಲ್ಪ ಇದೆ. ಬೇರೆ ಯಾರಾದ್ರೂ ಹೇಳೋಕೆ ಮುಂಚೆ ಅಂತ ನಾನೇ ಅಮ್ಮನಿಗೆ ಹೇಳ್ಬಿಟ್ಟೆ. ನನಗೆ ಯಾವಾಗ ಹೇಳ್ಬೇಕು ಅನ್ಸುತ್ತೋ ಆಗ ಹೇಳ್ಬೇಕು ಅಂತಿದ್ದೆ. ಅದನ್ನ ನೀವು ಕಿತ್ಕೊಂಡ್ರಿ."

ಸೊಸೆ ತಲೆ ತಗ್ಗಿಸಿದಳು.

"ಅಮ್ಮ ಮೂರು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ನಾಲ್ಕನೇ ದಿನ ಒಬ್ಬರೇ ಅಂಗಡಿಗೆ ಹೋಗಿ ಇದನ್ನ ತಂದ್ರು. ಹೊಲಿಸ್ಕೋ, ಚೆನ್ನಾಗಿ ಕಾಣ್ಬೇಕು ನನ್ನ ಮಗಳು ಅಂದ್ರು." ಪೊಟ್ಟಣ ಬಿಚ್ಚಿದರು. ಕೆಂಪು ಬಟ್ಟೆ. ಮೇಡಂ ಯಾವತ್ತೂ ತೊಡದ ಕೆಂಪು.

ಗೋಡೆಯ ಗಡಿಯಾರದಲ್ಲಿ ಕಾಲು ಗಂಟೆ ಕಳೆಯಿತು. ಮೇಡಂ ಒಮ್ಮೆ ಬಾಗಿಲನ್ನು, ಒಮ್ಮೆ ಸೊಸೆಯನ್ನು ನೋಡಿದರು. ಆಮೇಲೆ ತಾವೇ ಎದ್ದು ಪರದೆಯ ಹಿಂದೆ ಹೋದರು.

"ಟೇಪು ತಗೊಂಡು ಬಾಮ್ಮ."

ಸೊಸೆ ಫೋನನ್ನು ಮೆಷಿನ್ನಿನ ಡ್ರಾಯರಿಗೆ ಹಾಕಿ ಮುಚ್ಚಿದಳು. ಕೈ ತೊಳೆದು ಒರೆಸಿಕೊಂಡಳು. ಗೋಡೆಯಲ್ಲಿದ್ದ ಅತ್ತೆಯ ಮೊಳೆಯಿಂದ ಟೇಪು ತೆಗೆದುಕೊಂಡು ಒಳಗೆ ಹೋದಳು.

ಟೈಲರಮ್ಮ ಬಂದಾಗ ಪರದೆ ಎಳೆದಿತ್ತು, ಕೆಳಗೆ ನಾಲ್ಕು ಪಾದ ಕಾಣುತ್ತಿದ್ದವು. ಬಾಗಿಲಲ್ಲಿ ಬಿಟ್ಟಿದ್ದ ಮೇಡಂ ಚಪ್ಪಲಿಗಳ ಗುರುತು ಹತ್ತಿತು. ಅವಳು ಸದ್ದಿಲ್ಲದೆ ಮರಳಿ ಮೆಟ್ಟಿಲಿಗೆ ಹೋಗಿ ಕೂತು, ಬಂದ ಗಿರಾಕಿಯೊಬ್ಬಳನ್ನು "ಒಳಗೆ ಅಳತೆ ನಡೀತಿದೆ, ಆಮೇಲೆ ಬನ್ನಿ" ಎಂದು ಕಳಿಸಿದಳು. ಒಳಗಿನಿಂದ ಒಂದು ಅಂಕಿಯೂ ಕೇಳಿಬರಲಿಲ್ಲ. ಅವಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

ಸಂಜೆ ಎಲ್ಲರೂ ಊಟಕ್ಕೆ ಕೂತರು. ಬಡಿಸುತ್ತಾ ಬಂದ ಟೈಲರಮ್ಮ ಸೊಸೆಯ ಹತ್ತಿರ ಬಗ್ಗಿ, ಏನೂ ಅಲ್ಲವೆಂಬಂತೆ ಕೇಳಿದಳು.

"ಎಷ್ಟು ಬಂತೇ, ಎಡಕ್ಕೆ?"

ಸೊಸೆ ತಟ್ಟೆಯಿಂದ ತಲೆಯೆತ್ತಿದಳು. ಅತ್ತೆಯ ಮುಖ ನೋಡಿದಳು. "ಹೊಲಿದು ಕೊಡ್ತೀನಿ ಅತ್ತೆ," ಎಂದಳು. "ಹೇಳಲ್ಲ."

ಮಗನಿಗೂ ಪುಟ್ಟಿಗೂ ಅದೇನೆಂದು ತಿಳಿಯಲಿಲ್ಲ. ಟೈಲರಮ್ಮ ಕೈಯಲ್ಲಿದ್ದ ಸೌಟನ್ನು ಮತ್ತೆ ಪಾತ್ರೆಗೆ ಅದ್ದಿ, ಸಾಕು ಸಾಕು ಎನ್ನುತ್ತಿದ್ದರೂ ಕೇಳದೆ, ಸೊಸೆಯ ತಟ್ಟೆಗೆ ಇನ್ನೂ ಎರಡು ಸೌಟು ಬಡಿಸಿದಳು. ಮಾರನೆಯ ಬೆಳಿಗ್ಗೆ ಅಂಗಡಿಯ ಗೋಡೆಯಲ್ಲಿ ಸೊಸೆಯ ಟೇಪಿಗೆಂದು ಎರಡನೆಯದೊಂದು ಮೊಳೆ ಬಂದಿತ್ತು.